ಸ್ಪೋರ್ಟ್ಸ್ ಚಾನಲ್ ಬಂದ್, ಬೈಗುಳ ಸಲೀಮಣ್ಣಗ

ಗೆಳೆಯರ, ಇವತ್ತ ಮ್ಯಾಚ್ ಶುರು ಆಗೂ ಹೊತ್ತಿಗೆ ನಮ್ಮನಿ ಟಿವ್ಯಾಗ ಸ್ಪೋರ್ಟ್ಸ್ ಚಾನಲ್ಲ ಮಾಯ. ಪಾಳಾದಿಂದ ಮುಂಡಗೋಡಕ್ಕ ಮ್ಯಾಚ್ ನೋಡಾಕಂತನ ಬಂದಿದ್ದ ಅಪ್ಪ, ಕೇಬಲ್ ಸಲೀಮಣ್ಣಗ ಫೋನ್ ಹಚ್ಚಿ ಬೈದ್ರು.

"ಚಾನಲ್‌ನವ್ರು ರೇಟ್ ಏರಿಸ್ಯಾರ, ನಮ್ಮ ಕೇಬಲ್ ಕಂಪನ್ಯಾವ್ರು ಅಷ್ಟು ರೊಕ್ಕ ಕೊಡೂದಿಲ್ಲ ಅಂತಾರ. ಲಾಭ ಅವ್ರಿಗೆ, ಬೈಗುಳ ನನಗರಿ," ಅಂದ ಸಲೀಮಣ್ಣ.

ಅಪ್ಪ ಸಿಟ್ಟಿಲೆ ಫೋನ್ ಇಟ್ರು. ಓಣ್ಯಾಗ ಡಿಶ್ ಇರೂದು ಬಸಮ್ಮಕ್ಕನ ಮನ್ಯಾಗ ಅಷ್ಟ. ಅಲ್ಲಿಗೆ ಹೋದ್ವಿ. ಒಳಗ ಟಿವಿ ಮುಂದ ಅದ ಸಲೀಮಣ್ಣ ಚಾ ಕುಡಕೋತ ಕುಂತಿದ್ದ.

ಒಂಚೂರೂ ನಾಚದ, "ಬರ್ರಿ ಕಾಕಾ, ಇಲ್ಲಿ ಭಾಳ ಚಲೋ ಕಾಣತೈತಿ," ಅಂದು ಬಾಜೂಕ ಸರದ. ಅಪ್ಪ ಕುಂತ್ರು.

ಕಂಪನಿಗೋಳ ಮಾತುಕತಿ ಇನ್ನೂ ನಡದೈತಂತ. ಇವರಿಬ್ರ ರಾಜಿ ಮಾತ್ರ ಮೊದಲನೇ ಓವರ್‌ನ್ಯಾಗ ಆತು.