ಚಲಾವಣೆಗೆ ಬಾರದ ಹತ್ತು ಯೆನ್

ಇಲ್ಲಿ ಗಲ್ಫ್‌ನಲ್ಲಿ ಶುಕ್ರವಾರ ನಮಗೆ ರಜೆ. ಬೆಳಿಗ್ಗೆ ದೇವರ ದೀಪಗಳನ್ನು ಹುಣಿಸೆಹಣ್ಣು ಹಚ್ಚಿ ಬೆಳಗಿ, ಬಾಲ್ಕನಿಯ ಬಿಸಿಲಿಗೆ ಬೋರಲು ಹಾಕಿದೆ. ಸೊಹಾರ್‌ನಲ್ಲಿ ಕೆಲಸ ಮಾಡುತ್ತ ವಾರಕ್ಕೊಮ್ಮೆ ಅಲ್ ಗುಬ್ರಾದ ಮನೆಗೆ ಬರುವ ನನ್ನ ಗಂಡ ಊಟದ ಮೇಜಿನ ಮೇಲೆ ನಾಣ್ಯಗಳ ಆಲ್ಬಮ್ ಹರಡಿಕೊಂಡಿದ್ದರು. ಸಿಗುವುದೇ ಒಂದು ದಿನ, ಅದೂ ನಾಣ್ಯಗಳ ಪಾಲು. ಇನ್ನೊಂದು ತುದಿಯಲ್ಲಿ ಕೂತು ನಾನು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. 'ಬಾ, ನೋಡು' ಎಂದು ಒಮ್ಮೆಯಾದರೂ ಕರೆದಾರು ಎಂದು ಮದುವೆಯಾದಾಗಿನಿಂದ ಕಾದಿದ್ದೇನೆ. ಇನ್ನೊಬ್ಬರ ಕೈಯಲ್ಲಿರುವುದನ್ನು ಕೇಳಬಾರದು, ಅವರಾಗಿ ಕೊಟ್ಟರೆ ಥ್ಯಾಂಕ್ಯೂ ಎನ್ನಬೇಕು. ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಕಲಿಸಿದ್ದು ಹಾಗೆ.

ಅಷ್ಟರಲ್ಲಿ ಮೇಲಿನ ಮನೆಯವಳು ಗೋಳಿಬಜೆಯ ತಟ್ಟೆ ಹಿಡಿದು ಬಂದಳು. ಉಡುಪಿ ಕಡೆಯವಳು, ನನಗಿಂತ ಚಿಕ್ಕವಳು.

"ಇದೆಂತ ಭಾವ? ಚಂದ ಉಂಟಲ್ಲ!"

ನನ್ನ ಗಂಡ ಕನ್ನಡಕವನ್ನು ಹಣೆಗೇರಿಸಿದರು.

"ಇದಾ? ಜಪಾನಿಂದು, ಹತ್ತು ಯೆನ್. ಯುದ್ಧ ಮುಗಿದ್ಮೇಲೆ ಹೀಗೆ ಬೆಳ್ಳಿ ಬಣ್ಣದಲ್ಲಿ ಮಾಡಿ ನೋಡಿದ್ರು. ಇದಕ್ಕೆ ಹಾಕೋ ನಿಕಲ್ ದುಬಾರಿ ಆಯ್ತು, ಕೈಬಿಟ್ರು. ಕೊನೆಗೆ ಜನರ ಕೈಗೆ ಬಂದಿದ್ದು ಕಂಚಿಂದು."

"ಓ, ನಿಶ್ಚಯ ಆಗಿ ಮದುವೆ ಆಗದ ಹುಡುಗಿ ಹಾಗೆ!"

ಅವರು ತಲೆ ಹಿಂದಕ್ಕೆ ಹಾಕಿ ನಕ್ಕರು. ಆ ನಗು ನಮ್ಮ ಮನೆಯಲ್ಲಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ. "ಅಂಚು ಹಿಡ್ಕೊಳ್ಳಿ, ಮುಖ ಮುಟ್ಬೇಡಿ" ಎಂದು ನಾಣ್ಯವನ್ನು ಅವಳ ಬೆರಳುಗಳ ನಡುವೆ ಇಟ್ಟರು. ಭೂತಗನ್ನಡಿಯನ್ನೂ ಕೊಟ್ಟರು, ವಾರವಾರವೂ ನಾನು ಧೂಳು ಒರೆಸಿಡುವ ಭೂತಗನ್ನಡಿ. ಅವಳ ಉಗುರಿನ ಬಣ್ಣ ಒಂದು ಕಡೆ ಕಿತ್ತುಹೋಗಿತ್ತು. ಅದನ್ನು ನೋಡಿ ನನಗೆ ಸ್ವಲ್ಪ ಸಮಾಧಾನವಾಯಿತು.

ಚಹಾ ಮಾಡಲು ಒಳಗೆ ಹೋದೆ. ಹೂವಿನ ಕಪ್ಪುಗಳನ್ನು ಕಪಾಟಿನಲ್ಲೇ ಬಿಟ್ಟು, ನೆಗ್ಗಿದ ಸ್ಟೀಲ್ ಲೋಟಗಳಲ್ಲಿ ಚಹಾ ತಂದೆ. ಇಬ್ಬರೂ ಗಮನಿಸಲಿಲ್ಲ. ಅವಳು ಎದ್ದು ಹೋದ ಮೇಲೆ ಇವರು ಆಲ್ಬಮ್ ಮುಚ್ಚಿ, "ಅಡುಗೆ ಆಯ್ತಾ?" ಎಂದರು. ಉಳಿದ ಗೋಳಿಬಜೆಯನ್ನು ಡಬ್ಬಕ್ಕೆ ಸುರಿದು ಅವಳ ತಟ್ಟೆ ತೊಳೆದಿಟ್ಟೆ.

ತಟ್ಟೆಯನ್ನು ಖಾಲಿ ಮರಳಿಸಬಾರದಲ್ಲ. ಸಂಜೆ ಅದರಲ್ಲಿ ಚಿತ್ರಾನ್ನ ಹಾಕಿಕೊಂಡು ಮೇಲೆ ಹೋದೆ.

"ಇದೆಲ್ಲ ಎಂತಕ್ಕೆ ಅಕ್ಕ?" ಎಂದಳು.

"ಇರಲಿ. ನಿನಗೆ ನಾಣ್ಯಗಳ ಬಗ್ಗೆ ತುಂಬಾ ಗೊತ್ತಿರೋ ಹಾಗಿದೆ" ಎಂದೆ, ಆದಷ್ಟು ಮೆತ್ತಗೆ.

"ನನಗೆ? ಎಂತ ಗೊತ್ತಿಲ್ಲ ಮಾರಾಯ್ರೆ!" ಅವಳು ಚಿತ್ರಾನ್ನದೊಳಗಿನ ಕಡಲೆಬೀಜವೊಂದನ್ನು ಹೆಕ್ಕಿ ಬಾಯಿಗೆ ಹಾಕಿಕೊಂಡಳು. "ಕಂಡಿತು, ಕೇಳಿದೆ, ಅಷ್ಟೇ. ನೀವು ಚಹಾಕ್ಕೆ ಹೋದಾಗ ಭಾವ ಹೇಳ್ತಿದ್ರು, ಮನೆಯಲ್ಲಿ ಇದರ ಬಗ್ಗೆ ಒಬ್ಬರೂ ಒಂದು ದಿನವೂ ಕೇಳ್ಲಿಲ್ಲ ಅಂತ."