ಬೇಡಕ್ಕನ ದಾರದ ಮೇಲೊಂದು ದವಡೆ ಹಲ್ಲು

ಬೆಳಗಿನ ಜಾವ ನಾಲ್ಕೂವರೆ. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಎರಡು ಯಂತ್ರಗಳು ಆಗಲೇ ತಿರುಗುತ್ತಿವೆ. ಮೂರನೆಯದು ಎಂದಿನಂತೆ ಮುನಿಸಿಕೊಂಡು ನಿಂತಿದೆ. ಬೇಡಕ್ಕ ಅದರ ಬಾಗಿಲಿಗೆ ಮೊಣಕಾಲಿನಿಂದ ಒಂದು ಗುದ್ದು ಕೊಡುತ್ತಾರೆ. ಯಂತ್ರ ಗೊರಗೊರ ಅಂದು ಶುರುವಾಗುತ್ತದೆ. "ನೋಡಿ, ಇದಕ್ಕೂ ಪೆಟ್ಟು ಬಿದ್ರೇನೇ ಬುದ್ಧಿ" ಎನ್ನುತ್ತ ಅವರು ವಾರ್ಡುಗಳಿಂದ ಬಂದ ಗಾಡಿಯತ್ತ ತಿರುಗುತ್ತಾರೆ.

ಗಾಡಿಯ ತುಂಬ ಬೆಡ್‌ಶೀಟುಗಳು. ರಕ್ತದ ಕಲೆಯಿದ್ದವು ಕೆಂಪು ಡಬ್ಬಿಗೆ, ಔಷಧದ ಕಲೆಯಿದ್ದವು ಹಳದಿಗೆ, ಉಳಿದವು ನೇರ ಯಂತ್ರಕ್ಕೆ. ಕೈಗವಸು ತೊಟ್ಟ ಕೈ ಒಂದೊಂದನ್ನೂ ಕೊಡವಿ ನೋಡುತ್ತದೆ. ಕೊಡವದೆ ಹಾಕಿದರೆ ಒಳಗೆ ಏನೇನು ಹೋಗುತ್ತದೆ ಎಂದು ಕೇಳಿದರೆ ಪಟ್ಟಿಯೇ ಬರುತ್ತದೆ: ಥರ್ಮಾಮೀಟರು, ಚಮಚ, ಕನ್ನಡಕ, ಒಮ್ಮೆ ಯಾರದೋ ಕಟ್ಟಿಸಿದ ಹಲ್ಲು. "ಡಾಕ್ಟ್ರುಗಳು ಅಷ್ಟೆಲ್ಲ ಓದಿರ್ತಾರೆ. ಕೋಟಿನ ಜೇಬು ಖಾಲಿ ಮಾಡೋದನ್ನ ಮಾತ್ರ ಯಾವ ಕಾಲೇಜಲ್ಲೂ ಹೇಳ್ಕೊಡಲ್ಲ ಅಂತ ಕಾಣತ್ತೆ."

ದಿನಕ್ಕೆ ಆರುನೂರ ನಲವತ್ತು ಶೀಟು, ಮುನ್ನೂರು ದಿಂಬಿನ ಚೀಲ, ನೂರರ ಆಸುಪಾಸಿನಲ್ಲಿ ಹಸಿರು ನಿಲುವಂಗಿ. ಒಗೆದು ಹಿಂಡಿದ ಶೀಟನ್ನು ಇಬ್ಬರು ಎರಡು ತುದಿ ಹಿಡಿದು ಬಿಸಿ ರೋಲರಿಗೆ ಕೊಡಬೇಕು. ಆ ಕಡೆಯ ತುದಿ ಹಿಡಿಯುವವಳು ಬೇಡಕ್ಕನಿಗಿಂತ ಹತ್ತು ವರ್ಷ ಚಿಕ್ಕವಳಾದ ಜೊತೆಗಾತಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಬೇಡಕ್ಕನ ಮುಂದೆ ಉದುರಿಸುವವರಿಗೆ ಬರವಿಲ್ಲ. "ದಿನಾ ಆರುನೂರ ನಲವತ್ತು ಹಾಸಿಗೆ ಬಟ್ಟೆ ನೋಡೋಳ ಹತ್ರ ಬಂದು ಇದನ್ನ ಹೇಳ್ತಾರಲ್ಲ, ಇವರಿಗೇನು ಹೇಳೋಣ?" ಎಂದು ಅವರು ಹಣೆ ಒತ್ತಿಕೊಳ್ಳುತ್ತಾರೆ.

ಹೆಸರು ಬೇಡಕ್ಕ ಅಲ್ಲ. ಸಂಬಳದ ಪುಸ್ತಕದಲ್ಲಿ ಬೇರೆಯೇ ಇದೆ, ಅದು ಲಾಂಡ್ರಿಯಲ್ಲಿ ಯಾರಿಗೂ ನೆನಪಿಲ್ಲ. ಕ್ಯಾಂಟೀನಿನ ಟೀಗೆ ಬೇಡ, ಏಕೆಂದರೆ ಮನೆಯಿಂದ ಫ್ಲಾಸ್ಕಿನಲ್ಲಿ ಬರುತ್ತದೆ. ಲಾಟರಿಗೆ ಬೇಡ. ಕಂತಿನ ಮೇಲೆ ಕೊಡುವ ಫೋನಿಗೆ ಬೇಡ. ಒಂದು ಕೊಂಡರೆ ಒಂದು ಉಚಿತ ಎಂಬುದಕ್ಕಂತೂ ಎರಡು ಸಲ ಬೇಡ. ಜಿಪುಣಿ ಅನ್ನುವವರು ಬೆನ್ನ ಹಿಂದೆ ಅನ್ನುತ್ತಾರೆ, ಬೇಡಕ್ಕ ಅನ್ನುವವರು ಎದುರಿಗೇ ಅನ್ನುತ್ತಾರೆ. ಹೀಗೆ ನಗುವ ಅದೇ ಮಂದಿ ತಿಂಗಳ ಇಪ್ಪತ್ತೈದನೇ ತಾರೀಖು ದಾಟಿದ ಮೇಲೆ ಮೆತ್ತಗೆ ಪಕ್ಕಕ್ಕೆ ಬಂದು ನಿಂತು, "ಅಕ್ಕ, ನಿಮ್ಮ ಹತ್ರ ಇರತ್ತಲ್ಲ" ಎಂದು ರಾಗ ಎಳೆಯುತ್ತಾರೆ. ಅದಕ್ಕೂ ಉತ್ತರ ಅದೇ.

ಇದೆಲ್ಲ ಯಾತಕ್ಕೆ ಎಂದು ಕೇಳಿದರೆ ಅವರು ಒಂದು ಭಾನುವಾರದ ಕಥೆ ಹೇಳುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ವರ್ಷ. ಒಂದೂವರೆ ವರ್ಷದ ಮಗಳ ಮೈ ಜ್ವರದಲ್ಲಿ ಕೆಂಡವಾಗಿತ್ತು. ವಾರದ ರಜೆ ಭಾನುವಾರ, ಆದರೆ ಆಗಿನ ಸೂಪರ್‌ವೈಸರು ಬರಲೇಬೇಕು ಅಂದರು. ಬರದಿದ್ದರೆ ಸೋಮವಾರವೂ ಬರುವುದು ಬೇಡ ಅಂದರು. ಮಗುವನ್ನು ಗಂಡನ ಕೈಗೆ ಕೊಟ್ಟು ಬೇಡಕ್ಕ ಬಂದರು. ಬೇರೆಯವರ ಮಕ್ಕಳು ಮಲಗಿದ್ದ ಶೀಟುಗಳನ್ನು ದಿನವಿಡೀ ಮಡಚಿದರು. "ಅವತ್ತು ಬೇಡ ಅನ್ನೋಕೆ ನನ್ನ ಹತ್ರ ದುಡ್ಡಿರಲಿಲ್ಲ ನೋಡಿ. ಬಾಯಿ ಇತ್ತು, ದುಡ್ಡಿರಲಿಲ್ಲ. ಒಂದಲ್ಲ ಒಂದು ದಿನ ಭಾನುವಾರ ಬಾ ಅಂದಾಗ ಬೇಡ ಸಾರ್ ಅನ್ಬೇಕು, ಆಮೇಲೆ ಏನಾದ್ರೂ ಆಗ್ಲಿ ಅಂತ ಅವತ್ತೇ ಅಂದ್ಕೊಂಡೆ." ಟೀಯಿಂದ ಫೋನಿನವರೆಗೆ ಎಲ್ಲದಕ್ಕೂ ಬೇಡ ಎನ್ನುವ ಈ ಹೆಂಗಸು ಇಪ್ಪತ್ತೊಂದು ವರ್ಷದಲ್ಲಿ ಭಾನುವಾರಕ್ಕೆ ಮಾತ್ರ ಒಮ್ಮೆಯೂ ಬೇಡ ಅಂದಿರಲಿಲ್ಲ.

ದಾರಿ ತೋರಿಸಿದ್ದು ಸಂಬಳ ವಿಭಾಗದ ಒಬ್ಬ ಹಳೆಯ ಗುಮಾಸ್ತರು. ನಿನ್ನ ಪಾಲಿನ ತಿಂಗಳ ಖರ್ಚು ಎಷ್ಟೋ ಅದರ ಮುನ್ನೂರು ಪಟ್ಟು ಗಂಟಾದರೆ, ಗಂಟನ್ನು ಕರಗಿಸದೆ ಅದರ ಗಳಿಕೆಯಲ್ಲೇ ಬದುಕಬಹುದು ಎಂದು ಅವರು ಲಕೋಟೆಯ ಹಿಂಬದಿಯಲ್ಲಿ ಲೆಕ್ಕ ಹಾಕಿ ಕೊಟ್ಟರು. ಅಂದಿನಿಂದ ಸಂಬಳದ ಹತ್ತು ಪಾಲಿನಲ್ಲಿ ನಾಲ್ಕು ಪಾಲು ಕೈಗೆ ಬರುವ ಮೊದಲೇ ಹೋಗುತ್ತದೆ, ಅರ್ಧ ಬ್ಯಾಂಕ್ ಠೇವಣಿಗೆ, ಅರ್ಧ ಷೇರುಪೇಟೆಯ ಇಂಡೆಕ್ಸ್ ಫಂಡಿಗೆ. ಅವರು ದುಡ್ಡನ್ನು ದುಡ್ಡು ಎಂದು ಎಣಿಸುವುದಿಲ್ಲ, ಎಷ್ಟು ತಿಂಗಳ ಖರ್ಚಿಗೆ ಆದೀತು ಎಂದು ತಿಂಗಳಲ್ಲಿ ಎಣಿಸುತ್ತಾರೆ. ಒಂದು ವರ್ಷ ಷೇರುಪೇಟೆ ಬಿದ್ದು ಇನ್ನೂರು ತಿಂಗಳಿದ್ದದ್ದು ನೂರ ಎಪ್ಪತ್ತೊಂದಾಯಿತು. ಶಾಲೆಯ ವ್ಯಾನು ಓಡಿಸುವ ಗಂಡ ಆಗ ಒಂದು ಮಾತೂ ಆಡಲಿಲ್ಲ. "ಅದೇ ನಂಗೆ ಜಾಸ್ತಿ ಸಿಟ್ಟು ಬಂದಿದ್ದು. ಬೈದಿದ್ರೆ ಜಗಳನಾದ್ರೂ ಆಡ್ಬಹುದಿತ್ತು."

ಬಾಡಿಗೆ ಮನೆ ಎರಡು ಕೋಣೆಯದು. ಅಡುಗೆ ಕೋಣೆಯ ಗೋಡೆಗೆ ಆ ಮೂಲೆಯಿಂದ ಈ ಮೂಲೆಗೆ ಒಂದು ದಾರ ಕಟ್ಟಿದೆ, ದಾರಕ್ಕೆ ಮರದ ಕ್ಲಿಪ್ಪುಗಳು. ಲಾಂಡ್ರಿಯಲ್ಲಿ ಒಗೆದ ಶೀಟನ್ನು ಆ ದಿನವೇ ವಾರ್ಡಿಗೆ ಕಳಿಸುವುದಿಲ್ಲ, ಒಂದು ದಿನ ಕಪಾಟಿನಲ್ಲಿ ಆರಾಮಾಗಿ ಬಿಡುತ್ತಾರೆ, ಆಗ ಬಟ್ಟೆ ಹೆಚ್ಚು ಬಾಳುತ್ತದೆ. ಬಟ್ಟೆಗೇ ಅಷ್ಟು ತಾಳ್ಮೆ ಬೇಕಿದ್ದರೆ ಆಸೆಗೆ ಬೇಡವೇ ಎನ್ನುವುದು ಬೇಡಕ್ಕನ ವಾದ. ಮನೆಯಲ್ಲಿ ಯಾರಿಗೆ ಏನು ಬೇಕಾದರೂ ಬಳಸಿ ಬಿಟ್ಟ ಲಾಂಡ್ರಿ ಚೀಟಿಯ ಹಿಂದೆ ಬರೆದು, ತಾರೀಖು ಹಾಕಿ, ದಾರಕ್ಕೆ ಸಿಕ್ಕಿಸಬೇಕು. ಮೂವತ್ತನೆಯ ದಿನವೂ ಬೇಕು ಅನ್ನಿಸಿದರೆ ಕೊಳ್ಳುವುದು. ಅನ್ನಿಸದಿದ್ದರೆ ಚೀಟಿ ಕಸಕ್ಕೆ, ಅನುಮಾನವಿದ್ದರೆ ಹೊಸ ತಾರೀಖು. ಓದಿನ ಕೊನೆಯ ವರ್ಷದಲ್ಲಿರುವ ಮಗಳು ಒಮ್ಮೆ "ಬೇರೆ ಅಮ್ಮ" ಎಂದು ಬರೆದು ಸಿಕ್ಕಿಸಿದ್ದಳು. ಅದೂ ಮೂವತ್ತು ದಿನ ಅಲ್ಲೇ ನೇತಾಡಿತು, ನಿಯಮ ಎಂದರೆ ನಿಯಮ.

ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇಂಥದ್ದಕ್ಕೇ. ಎಂಟು ತಿಂಗಳ ಹಿಂದೆ ದಾರದ ತೀರಾ ತುದಿಯಲ್ಲಿ, ಕ್ಯಾಲೆಂಡರಿನ ಮರೆಗೆ, ಬೇಡಕ್ಕನದೇ ಒಂದು ಚೀಟಿ ಬಂತು: ದವಡೆ ಹಲ್ಲು, ಬಲಗಡೆ. ಮೂವತ್ತನೆಯ ದಿನ ಬಂದಾಗ ಹಲ್ಲು ನೋಯುತ್ತಿರಲಿಲ್ಲ. ನೋಯದ ಹಲ್ಲಿಗೆ ಖರ್ಚು ಯಾಕೆ ಎಂದು ಹಳೆಯ ತಾರೀಖು ಹೊಡೆದು ಹಾಕಿ ಹೊಸದು ಬರೆದರು. ಮರುವಾರ ನೋವು ಬಂತು, ಆದರೆ ಅದಕ್ಕೆ ಇನ್ನೂ ಇಪ್ಪತ್ತಮೂರು ದಿನ ಬಾಕಿಯಿತ್ತು. ಹೀಗೆ ಏಳು ಸಲ. ಇವರು ಬಟ್ಟೆ ಒಗೆಯುವ ಕಟ್ಟಡದ ಎರಡನೇ ಮಹಡಿಯಲ್ಲೇ ಹಲ್ಲಿನ ವಿಭಾಗವಿದೆ. ಅಲ್ಲಿನ ಏಪ್ರನ್ನುಗಳನ್ನು ಇಸ್ತ್ರಿ ಮಾಡುವವರೂ ಇವರೇ.

ಕಳೆದ ತಿಂಗಳು ಒಂದು ದಿನ ಬೆಳಗಿನ ಜಾವ ಎದ್ದಾಗ ಬಲಗೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ಆ ದಿನ ಎಷ್ಟನೆಯ ದಿನ ಎಂದು ನೋಡಲು ಬೇಡಕ್ಕ ಕ್ಯಾಲೆಂಡರು ಸರಿಸಿದರು. ಬೆನ್ನ ಹಿಂದೆ ನಿಂತಿದ್ದ ಗಂಡ ಚೀಟಿಯನ್ನು ನೋಡಿದ್ದು ಆಗಲೇ. ಒಂದರ ಕೆಳಗೊಂದು ಹೊಡೆದು ಹಾಕಿದ ಏಳು ತಾರೀಖುಗಳನ್ನು ಅವರು ಬೆರಳಿಟ್ಟು ಓದಿದರು.

"ಇದೇನು, ಹೊಸಾ ಚಪ್ಪಲಿನಾ ಇದು? ಮೂವತ್ತು ದಿನ ನೇತಾಕೋಕೆ?"

"ಮೂವತ್ತನೇ ದಿನ ನೋಯ್ತಿರಲಿಲ್ಲ ರೀ."

"ಹಲ್ಲಿಗೆ ನಿನ್ನ ಕ್ಯಾಲೆಂಡರು ಓದೋಕೆ ಬರತ್ತಾ? ಹಲ್ಲಿದ್ದೋರಿಗೆ ಕಡಲೆ ಇಲ್ಲ, ಕಡಲೆ ಇದ್ದೋರಿಗೆ ಹಲ್ಲಿಲ್ಲ ಅಂತಾರೆ. ನೀನು ಎರಡೂ ಇದ್ದು ಹಲ್ಲು ಕಳ್ಕೊಳ್ತಿದ್ದೀಯ. ನಿನ್ನಂಥೋಳು ಇನ್ನೊಬ್ಬಳಿಲ್ಲ."

ಮೊದಲ ತಿಂಗಳೇ ತೋರಿಸಿದ್ದರೆ ನಾಲ್ಕು ದಿನದ ಖರ್ಚಿನಲ್ಲಿ ಮುಗಿಯುತ್ತಿತ್ತು ಎಂದು ಹಲ್ಲಿನ ಡಾಕ್ಟರು ಲೆಕ್ಕ ಒಪ್ಪಿಸಿದರು. ಈಗ ಒಂದು ಹಲ್ಲು ಕೀಳಬೇಕಾಯಿತು, ಪಕ್ಕದ್ದನ್ನು ಕೊರೆದು ತುಂಬಬೇಕಾಯಿತು, ಖಾಲಿ ಜಾಗಕ್ಕೆ ಹೊಸದು ಕೂರಿಸಬೇಕಂತೆ. ಎಲ್ಲ ಸೇರಿ ಪೂರಾ ಎರಡು ತಿಂಗಳ ಖರ್ಚು. ಇನ್ನೂರ ಎಂಬತ್ತಮೂರು ಇದ್ದ ಗಂಟು ಇನ್ನೂರ ಎಂಬತ್ತೊಂದಕ್ಕೆ ಇಳಿಯಿತು. ಯಾರ ಮೇಲೆ ರೇಗಬೇಕು ಎಂದೇ ತಿಳಿಯದೆ ಬೇಡಕ್ಕ ಆ ವಾರವೆಲ್ಲ ಎಲ್ಲರ ಮೇಲೂ ರೇಗಿದರು. ಗಂಡ ಹೇಳಿದ್ದು ಸರಿಯಾಗಿತ್ತು ಎಂಬುದಕ್ಕೆ ಅವರ ಮೇಲೆ ಒಂದು ಪಾಲು ಹೆಚ್ಚೇ ರೇಗಿದರು.

ಹಲ್ಲು ಕಿತ್ತ ಮೂರನೆಯ ದಿನ ಶುಕ್ರವಾರ. ಹನ್ನೊಂದು ಗಂಟೆಗೆ ಸೂಪರ್‌ವೈಸರು ಎಂದಿನಂತೆ ಹಲಗೆಗೆ ಕಾಗದ ಸಿಕ್ಕಿಸಿಕೊಂಡು ಬಂದರು. ಹಳೆಯವರು ಹೋಗಿ ಇವರು ಬಂದು ಹತ್ತು ವರ್ಷವಾಗಿದೆ. ಭಾನುವಾರದ ಪಟ್ಟಿಯಲ್ಲಿ ಬೇಡಕ್ಕನ ಹೆಸರನ್ನು ಇವರು ಕೇಳುವ ಮೊದಲೇ ಬರೆಯುತ್ತಾರೆ. ರೋಲರಿನ ಮುಂದೆ ಶೀಟಿನ ತುದಿ ಹಿಡಿದು, ದವಡೆಯಲ್ಲಿ ಹತ್ತಿ ಕಚ್ಚಿಕೊಂಡು ಬೇಡಕ್ಕ ನಿಂತಿದ್ದರು.

"ಏನಮ್ಮಾ, ಭಾನುವಾರ ಇದ್ದೀಯಲ್ಲ?"

"ಬೇಡ ಸಾರ್."

ಅದು ಟೀ ಬೇಕಾ ಎಂದವರಿಗೆ ಹೇಳುವ ದನಿಯಲ್ಲೇ ಬಂತು. ಹೇಳಿದ ಮೇಲೆ ಹೇಳಿದ್ದು ಯಾರಿಗೆ ಎಂದು ಬೇಡಕ್ಕನಿಗೆ ಅರಿವಾಯಿತು. ಇನ್ನೂ ಹತ್ತೊಂಬತ್ತು ತಿಂಗಳು ಬಾಕಿಯಿತ್ತು, ಗಂಟು ಪೂರ್ತಿಯಾಗುವ ಮೊದಲೇ ಮಾತು ಬಾಯಿ ಬಿಟ್ಟು ಹೋಗಿತ್ತು.

"ಬೇಡ್ವಾ? ಸರಿ" ಎಂದ ಸೂಪರ್‌ವೈಸರು ಪೆನ್ಸಿಲ್ ತಿರುಗಿಸಿ ರಬ್ಬರಿನಲ್ಲಿ ಹೆಸರು ಅಳಿಸಿ, ಜೊತೆಗಾತಿಯತ್ತ ನೋಡಿದರು. ಅವಳು ಆಗಲೇ ತಲೆಯಾಡಿಸಿದ್ದಳು. ಅವರು ಬರೆದುಕೊಂಡು ಹೋದರು. ಒಂದು ಶೀಟು ಮಡಚುವಷ್ಟು ಹೊತ್ತೂ ಆಗಲಿಲ್ಲ. ಬೇಡಕ್ಕನ ಕಡೆಯ ತುದಿ ಓರೆಯಾಗಿ ರೋಲರಿಗೆ ಹೋಗಿ ಸುಕ್ಕು ಸುಕ್ಕಾಗಿ ಹೊರಬಂತು.

"ಇಷ್ಟೇನಾ?" ಎಂದರು ಬೇಡಕ್ಕ.

"ಅಬ್ಬ, ಕೊನೆಗೂ ಬಿಟ್ರಲ್ಲ ಅಕ್ಕ" ಎಂದಳು ಜೊತೆಗಾತಿ. "ನಾಲ್ಕು ವರ್ಷದಿಂದ ಕಾಯ್ತಿದ್ದೀನಿ. ಭಾನುವಾರ ಡಬಲ್ ಸಂಬಳ. ಪ್ರಪಂಚಕ್ಕೆಲ್ಲ ಬೇಡ ಅಂತೀರಿ, ಇದೊಂದನ್ನ ಮಾತ್ರ ಯಾರಿಗೂ ಬಿಟ್ಟುಕೊಡಲ್ಲ. ನಿಮಗೆ ಎಷ್ಟು ದುಡ್ಡಿದ್ರೂ ಸಾಲಲ್ಲ ಅಂದ್ಕೊಂಡಿದ್ದೆ."

"ಮೊದಲೇ ಕೇಳೋಕೆ ಏನಾಗಿತ್ತೇ ನಿಂಗೆ?"

"ಕೇಳಿದ್ರೆ ನೀವು ಏನಂತೀರಿ ಅಂತ ಊರಿಗೇ ಗೊತ್ತಲ್ಲ."

ಈ ಭಾಗ ಹೇಳುವಾಗ ಬೇಡಕ್ಕನಿಗೆ ಇವತ್ತಿಗೂ ಮೈ ಉರಿಯುತ್ತದೆ. ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು ಎಂದು ಗಂಡ ನಕ್ಕರಂತೆ. ಇವರು ಎರಡು ದಿನ ಮಾತು ಬಿಟ್ಟರಂತೆ. ಹಾಗಾದರೆ ಇಪ್ಪತ್ತೊಂದು ವರ್ಷ ಕೂಡಿಟ್ಟದ್ದು ದಂಡವೇ ಎಂದು ಕೇಳಿದರೆ, ಮಡಚುತ್ತಿದ್ದ ದಿಂಬಿನ ಚೀಲವನ್ನು ಅವರು ಮೇಜಿನ ಮೇಲೆ ಬಡಿಯುತ್ತಾರೆ. "ದಂಡ ಹೇಗಾಗತ್ತೆ? ಇನ್ನೂರ ಎಂಬತ್ತೊಂದು ತಿಂಗಳು ಬೆನ್ನ ಹಿಂದೆ ನಿಂತಿತ್ತು, ಅದಕ್ಕೇ ಆ ಮಾತು ಬಾಯಿಗೆ ಬಂತು. ಆದ್ರೆ ನೂರು ಇದ್ದಾಗಲೇ ಹೇಳಬಹುದಿತ್ತೇನೋ. ಗಂಟು ಪೂರ್ತಿ ಆಗ್ಲಿ, ಗಂಟು ಪೂರ್ತಿ ಆಗ್ಲಿ ಅಂತ ಹಲ್ಲಿನ ಥರಾನೇ ಇದನ್ನೂ ದಾರಕ್ಕೆ ನೇತಾಕಿ ಕೂತೆನಲ್ಲ, ಅದು ಹೊಟ್ಟೆ ಉರಿಸತ್ತೆ."

ದಾರ ಇನ್ನೂ ಇದೆ. ನಿಯಮಕ್ಕೆ ಒಂದು ಸಾಲು ಸೇರಿದೆ, ಮಗಳ ಕೈಬರಹದಲ್ಲಿ: ನೋವು ನೇತುಹಾಕುವಂತಿಲ್ಲ. ಸಂಬಳದಿಂದ ನಾಲ್ಕು ಪಾಲು ಹೋಗುವುದು ನಿಂತಿಲ್ಲ. ಭಾನುವಾರದ ಡಬಲ್ ಸಂಬಳ ಇಲ್ಲದ್ದರಿಂದ ಗಂಟು ತುಂಬುವುದು ಐದಾರು ತಿಂಗಳು ತಡವಾಗಬಹುದು. ಆ ಲೆಕ್ಕವನ್ನು ಅವರು ಆಗಲೇ ಹಾಕಿದ್ದಾರೆ, ಹಾಕಿ ಗೊಣಗಿದ್ದಾರೆ, ಆದರೆ ಭಾನುವಾರವನ್ನು ವಾಪಸ್ ಕೇಳಿಲ್ಲ.

ಆ ಮೊದಲ ಭಾನುವಾರ ಏನು ಮಾಡಿದಿರಿ ಎಂದರೆ ಮುಖ ಗಂಟಿಕ್ಕುತ್ತದೆ. ಅಲಾರಂ ಇಡದೆ ಮಲಗಿದ್ದರೂ ಮೂರೂವರೆಗೆ ಸರಿಯಾಗಿ ಎಚ್ಚರವಾಯಿತಂತೆ. ಎದ್ದು ಹೋಗಿ ಒಂದು ಚೀಟಿಯ ಹಿಂದೆ "ಬಿಸಿಲು ಬರೋತನಕ ನಿದ್ದೆ" ಎಂದು ಬರೆದು, ತಾರೀಖು ಹಾಕಿ, ದಾರಕ್ಕೆ ಸಿಕ್ಕಿಸಿದರಂತೆ. ನೀರು ಕುಡಿಯಲು ಎದ್ದು ಬಂದ ಗಂಡ ಅದನ್ನು ಓದಿ, ಕ್ಲಿಪ್ಪಿನಿಂದ ಕಿತ್ತು ಅವರ ಕೈಗೆ ಕೊಟ್ಟು, "ಇದಕ್ಕೆ ಮೂವತ್ತು ದಿನ ಬೇಡ, ಹೋಗಿ ಮಲ್ಕೋ" ಅಂದರಂತೆ.

"ನಿದ್ದೆ ಎಲ್ಲಿ ಬರತ್ತೆ, ನನ್ನ ಕರ್ಮ. ಗೋಡೆ ನೋಡ್ತಾ ಸುಮ್ನೆ ಬಿದ್ಕೊಂಡಿದ್ದೆ. ಆರೂವರೆಗೆ ಕಿಟಕಿಯಿಂದ ಬಿಸಿಲು ಬಂದು ನೇರ ನನ್ನ ಕಾಲ ಮೇಲೇ ಬಿತ್ತು. ಒಂಬತ್ತು ವರ್ಷದಿಂದ ಆ ಮನೆಗೆ ಬಾಡಿಗೆ ಕಟ್ತಿದ್ದೀನಿ. ಆ ಹಾಸಿಗೆ ಮೇಲೆ ಬಿಸಿಲು ಬೀಳತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಅಷ್ಟು ಹೇಳಿ ಅವರು ರೋಲರಿನ ಕಡೆ ತಿರುಗುತ್ತಾರೆ. ಗಂಟೆ ಹನ್ನೊಂದಾಗುತ್ತ ಬಂದಿದೆ, ಇವತ್ತೂ ಶುಕ್ರವಾರ. ಮೆಟ್ಟಿಲಿನ ಮೇಲೆ ಬೂಟಿನ ಸದ್ದು ಕೇಳಿಸುತ್ತದೆ. ಬೇಡಕ್ಕ ಶೀಟಿನ ತುದಿಯನ್ನು ನೇರ ಮಾಡಿಕೊಂಡು ನಿಲ್ಲುತ್ತಾರೆ.

"ಬರ್ಲಿ, ಕೇಳ್ಲಿ" ಎನ್ನುತ್ತಾರೆ, ಮೆಲ್ಲಗೆ.