ಬಂಡೆಗೆ ಕಟ್ಟಿದ ಹಗ್ಗ

ತೂತುಕುಡಿಯಲ್ಲಿ ಶಂಖಕ್ಕಾಗಿ ಮುಳುಗುವವರ ನಡುವೆ ಸೂಸೈಗೆ ಒಂದು ಕೆಟ್ಟ ಹೆಸರಿತ್ತು: ನೀರಿನೊಳಗೆ ಜೊತೆ ಸೇರದವನು. ಇಬ್ಬರು ಇಳಿದರೆ ಒಬ್ಬನ ಕಾಲು ಮರಳೆಬ್ಬಿಸುತ್ತದೆ, ಶಂಖ ತೆವಳಿ ಹೋದ ಸಣ್ಣ ಗೆರೆ ಅಳಿಸಿಹೋಗುತ್ತದೆ ಎಂಬುದು ಅವನ ವಾದ. ನಿಜವಾದ ಕಾರಣ ಅವನು ಯಾರಿಗೂ ಹೇಳಿದವನಲ್ಲ. ಒಬ್ಬನೇ ಇದ್ದಾಗ ಅಲ್ಲಿ ತನ್ನ ಉಸಿರಿನ ಸದ್ದೊಂದೇ. ಮನೆಯಲ್ಲೂ ಚರ್ಚಿನಲ್ಲೂ ಸಿಗದ ಆ ಮೌನಕ್ಕೆ ಅವನು ಹದಿನೇಳನೆಯ ವಯಸ್ಸಿಗೇ ಸೋತಿದ್ದ.

ಆದರೂ ಇಪ್ಪತ್ತು ವರ್ಷ ಅವನ ಪಕ್ಕದಲ್ಲೇ ಇಳಿದವನು ರಾಯಪ್ಪನ್, ಹೆಂಡತಿ ಅನ್ನಮ್ಮಾಳ ತಮ್ಮ. ಬೆನ್ನಿಗೆ ಗಾಳಿಯ ಸಿಲಿಂಡರ್ ಇಲ್ಲದ ಕಾಲದಲ್ಲಿ, ಕಲ್ಲು ಕಟ್ಟಿಕೊಂಡು ಮುಳುಗುತ್ತಿದ್ದ ಅಜ್ಜಂದಿರಿಗೂ ಮೇಲೆ ಹಗ್ಗ ಹಿಡಿಯುತ್ತಿದ್ದವನು ಹೆಂಡತಿಯ ಒಡಹುಟ್ಟಿದವನೇ. ಅಕ್ಕನ ತಾಳಿ ಕೈಯಲ್ಲಿರುವಾಗ ಯಾವ ತಮ್ಮ ಹಗ್ಗ ಬಿಟ್ಟಾನು?

ಆ ಸಲ ಕ್ರಿಸ್‌ಮಸ್ ಕಳೆದ ವಾರ ರಾಯಪ್ಪನ್ ಕಿವಿಗೆ ಹತ್ತಿ ಇಟ್ಟುಕೊಂಡು ಬಂದ.

“ಒಂದು ತಿಂಗಳು ಇಳೀಬಾರದಂತೆ ಭಾವ. ಇಳಿದ್ರೆ ಎಡಗಿವಿ ಹೋದ ಹಾಗೇ ಅಂದ್ರು ಡಾಕ್ಟರು.”

“ಒಳ್ಳೇದಾಯ್ತು ಬಿಡು ಮಚ್ಚಾ. ನಿನ್ನ ಎಮ್ಮೆಕಾಲಿಂದ ಮರಳಿಗೂ ರಜ ಸಿಕ್ತು.”

“ನಗು, ನಗು. ಆದ್ರೆ ಸೊಂಟಕ್ಕೆ ಹಗ್ಗ ಕಟ್ಕೊಂಡೇ ಇಳೀಬೇಕು. ದೋಣೀಲಿ ನಾನು ಹಿಡ್ಕೊಂಡಿರ್ತೀನಿ. ನಾನೊಂದು ಸಲ ಜಗ್ಗಿದ್ರೆ ನೀನೂ ಒಂದು ಸಲ ಜಗ್ಗು.”

“ನಾನೇನು ಮೇಕೆನಾ?”

ಬುತ್ತಿ ಕಟ್ಟುತ್ತಿದ್ದ ಅನ್ನಮ್ಮಾಳ್ ತಲೆಯೆತ್ತಲಿಲ್ಲ. “ಮೇಕೆಗಾದ್ರೂ ಬುದ್ಧಿ ಇರುತ್ತೆ. ಕಟ್ಟಿದ ಕಡೆ ನಿಲ್ಲುತ್ತೆ.”

ಸೂಸೈ ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಇಳಿದ. ಹತ್ತು ಮಾರು ಆಳ. ತಳ ಮುಟ್ಟಿದಾಗ ಶಂಖದ ಹೊಸ ಗೆರೆಯೊಂದು ಕಂಡಿತು. ಅದರ ಬೆನ್ನು ಹತ್ತಿದ. ಹಗ್ಗ ಸಾಲಲಿಲ್ಲ. ಐದು ನಿಮಿಷದ ಮಾತು ಎಂದುಕೊಂಡು ಬಿಚ್ಚಿ, ಬಂಡೆಯೊಂದಕ್ಕೆ ಕಟ್ಟಿ ಮುಂದೆ ಹೋದ. ಸೊಂಟ ಹಗುರವಾಯಿತು. ಆ ಸುಖ ಸುಳ್ಳಲ್ಲ.

ಶಂಖಕ್ಕೆ ಕೈ ಹಾಕಿದಾಗ ಬೆನ್ನಿನ ಸಿಲಿಂಡರನ್ನು ಯಾರೋ ಹಿಡಿದಂತಾಯಿತು. ತಿರುಗಿದ. ತೋಳೂ ಸಿಕ್ಕಿಕೊಂಡಿತು. ಯಾರೋ ಬಿಟ್ಟುಹೋದ ನೈಲಾನ್ ಬಲೆ, ನೀರಿನ ಬಣ್ಣದ್ದೇ. ಕೊಸರಿದಷ್ಟೂ ಸುತ್ತಿಕೊಂಡಿತು, ಸೊಂಟದ ಚಾಕುವಿನ ಮೇಲೂ ಸುತ್ತಿಕೊಂಡಿತು. ಅವನು ಅಷ್ಟು ಪ್ರೀತಿಸಿದ್ದ ಉಸಿರಿನ ಸದ್ದು ಈಗ ಬೇರೆ ಯಾರದೋ ಎಂಬಂತೆ ಏದುತ್ತಿತ್ತು. ಗಾಳಿ ಎಳೆಯಲು ಭಾರವಾಗತೊಡಗಿತು. ಸಿಲಿಂಡರ್ ತೀರುತ್ತಿದೆ ಎನ್ನುವುದಕ್ಕೆ ಅಲ್ಲಿ ಮುಳುಗುವವರಿಗೆ ಅದೊಂದೇ ಗುರುತು.

ಆರೇಳು ಮಾರು ದೂರದಲ್ಲಿ ಹಗ್ಗ ಕಾಣುತ್ತಿತ್ತು. ಅದು ಒಮ್ಮೆ ಬಿಗಿದು ಸಡಿಲವಾಯಿತು. ರಾಯಪ್ಪನ್ ಕೇಳುತ್ತಿದ್ದಾನೆ. ಬಂಡೆ ಏನು ಹೇಳೀತು? ಮತ್ತೆ ಬಿಗಿಯಿತು. ಆಮೇಲೆ ಬಿಗಿದೇ ನಿಂತು ನಡುಗಿತು. ಮೇಲೆ ಎರಡೂ ಕೈಯಿಂದ ಎಳೆಯುತ್ತಿದ್ದಾನೆ. ಆಮೇಲೆ ಸುಮ್ಮನೆ ಜೋತುಬಿತ್ತು.

ಬಿಟ್ಟುಬಿಟ್ಟ, ಎಂದುಕೊಂಡ ಸೂಸೈ. ಅನ್ನಮ್ಮಾಳ ಬರಿಗತ್ತು ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ಬಂಡೆಯ ಕಡೆ ಮರಳು ಎದ್ದಿತು. ಬೈಗುಳಕ್ಕೆ ಪಕ್ಕಾದ ಅದೇ ಕಾಲುಗಳು, ಅದೇ ಧೂಳು. ಇನ್ನೊಂದು ಸಿಲಿಂಡರ್ ಹೊತ್ತು ಹಗ್ಗದ ಗುಂಟ ಇಳಿದಿದ್ದ ರಾಯಪ್ಪನ್ ತನ್ನ ಬಾಯಿಯ ಕೊಳವೆ ತೆಗೆದು ಸೂಸೈಯ ಬಾಯಿಗಿಟ್ಟ; ಮತ್ತೆ ತಾನು ತೆಗೆದುಕೊಂಡ. ಹೀಗೆ ಸರದಿಯಲ್ಲಿ ಉಸಿರಾಡುತ್ತಾ ಬಲೆ ಕತ್ತರಿಸಿದ. ಗಾಬರಿಯಲ್ಲಿ ಮೇಲಕ್ಕೆ ಚಿಮ್ಮಲು ಹೋದ ಭಾವನ ತೋಳು ಒತ್ತಿ ಹಿಡಿದು, ನಿಧಾನ, ನಿಧಾನ ಎಂದು ಅಂಗೈ ಆಡಿಸಿದ. ಅವನ ಎಡಗಿವಿಯಿಂದ ಹೊಗೆಯಂಥ ರಕ್ತದ ಎಳೆಯೊಂದು ನೀರಿಗೆ ಹರಿಯುತ್ತಿತ್ತು.

ಇಬ್ಬರೂ ದೋಣಿ ಹತ್ತಿದರು. ಸೂಸೈ ರಾಯಪ್ಪನ್‌ನ ಎಡಕ್ಕೆ ಕುಳಿತು, “ತಪ್ಪಾಯ್ತು ಮಚ್ಚಾ,” ಎಂದ.

ರಾಯಪ್ಪನ್ ದಡದ ಕಡೆಯೇ ನೋಡುತ್ತಿದ್ದ.

“ತಪ್ಪಾಯ್ತು ಅಂದೆ.”

“ಭಾವ,” ಎಂದ ರಾಯಪ್ಪನ್, ಏನೂ ಕೇಳಿಸದವನಂತೆ, “ಅಕ್ಕನ ಹತ್ರ ಏನಂತ ಹೇಳೋಣ?”

ಸೂಸೈ ಎದ್ದು ಅವನ ಬಲಗಿವಿಯ ಕಡೆ ಹೋಗಿ ಕುಳಿತ.

ರಾಯಪ್ಪನ್ ಮತ್ತೆಂದೂ ಇಳಿಯಲಿಲ್ಲ. ಸೂಸೈ ಇಳಿಯುತ್ತಾನೆ, ಹೊಟ್ಟೆಪಾಡು. ಸೊಂಟದ ಗಂಟನ್ನು ರಾಯಪ್ಪನ್ನೇ ಹಾಕುತ್ತಾನೆ. ಈಗ ಸೂಸೈಗೆ ಗೆರೆಗಳು ಕಂಡರೂ ಹಗ್ಗ ಮುಗಿದಲ್ಲಿ ನಿಲ್ಲುತ್ತಾನೆ. ಕೆಲವೊಮ್ಮೆ ಮೇಲಿಂದ ಎಳೆತ ಬರುವುದು ತಡವಾಗುತ್ತದೆ. ಆಗ ಶಂಖ ಕೈಬಿಟ್ಟು ತಾನೇ ಒಮ್ಮೆ ಜಗ್ಗುತ್ತಾನೆ, ಉತ್ತರ ಬರುವವರೆಗೆ ಕದಲುವುದಿಲ್ಲ.